ಮೈಗ್ರೇನ್‌ಗೆ ಅಂಗವಿಕಲರ ಪಿಂಚಣಿ ಸಿಗುತ್ತಾ?

ಪ್ರಶ್ನೆ (ದಾವಣಗೆರೆ): ನನ್ನ ತಂಗಿ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಎರಡು ವರ್ಷದಿಂದ ಮೈಗ್ರೇನ್, ತಿಂಗಳಲ್ಲಿ 16–18 ದಿನ ತಲೆನೋವು. ರಜೆ ಹಾಕಿದಷ್ಟೂ ಸಂಬಳ ಕಟ್. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ ಪಿಂಚಣಿಗೆ ಹಾಕಬಹುದಾ? ಒಬ್ಬರು ಐದು ಸಾವಿರ ಕೇಳ್ತಿದ್ದಾರೆ. ಇಎಸ್‌ಐ (ಕಾರ್ಮಿಕರ ವಿಮೆ) ಕಾರ್ಡ್ ಇದೆ.

ಉತ್ತರ (ಪುನರ್ವಸತಿ ಕಾರ್ಯಕರ್ತೆ): ಆ ಐದು ಸಾವಿರ ಖಂಡಿತ ಕೊಡಬೇಡಿ ಅಣ್ಣಾ. ಯುಡಿಐಡಿ ಅರ್ಜಿಗೆ ಶುಲ್ಕವೇ ಇಲ್ಲ. ಪಿಂಚಣಿಗೆ ಕನಿಷ್ಠ ಶೇ 40 ವೈಕಲ್ಯ ಇರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳೋ 21 ವಿಧದ ವೈಕಲ್ಯಗಳಲ್ಲಿ ದೀರ್ಘಕಾಲದ ನರರೋಗಕ್ಕೆ ಜಾಗ ಇದೆ, ಆದರೆ ಅಲ್ಲಿ ಹೆಸರಿಸಿರೋದು ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಪಾರ್ಕಿನ್ಸನ್. ಮೈಗ್ರೇನ್ ಹೆಸರಿಲ್ಲ, ಅದಕ್ಕೆ ಶೇಕಡಾ ಹಾಕೋ ಅಳತೆಯೂ ಇಲ್ಲ. ಬರೀ ತಲೆನೋವಿನ ಮೇಲೆ ವೈಕಲ್ಯದ ಸರ್ಟಿಫಿಕೇಟ್‌ಗೆ ಅಂತ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಅಲೆದರೆ ದಿನದ ಕೂಲಿ ಹೋಗುತ್ತೆ ಅಷ್ಟೆ. ಪಾರ್ಶ್ವವಾಯು ಆಗಿ ಕೈಕಾಲು ಶಕ್ತಿ ಕಳಕೊಂಡಿದ್ದರೆ ಮಾತು ಬೇರೆ, ಕೈಕಾಲಿನ ಚಲನೆಯ ವೈಕಲ್ಯ ಅನ್ನೋ ವಿಧದಲ್ಲಿ ಅರ್ಜಿ ಹಾಕಿ.

ನಿಮಗೆ ದಾರಿ ಇರೋದು ಇಎಸ್‌ಐನಲ್ಲಿ. ಸಿಕ್‌ನೆಸ್ ಬೆನಿಫಿಟ್ ಅಂತ ವರ್ಷಕ್ಕೆ 91 ದಿನದವರೆಗೆ ಸರಾಸರಿ ದಿನಗೂಲಿಯ ಶೇ 70 ಸಿಗುತ್ತೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕನಿಷ್ಠ 78 ದಿನದ ವಂತಿಗೆ ಕಟ್ಟಿದ್ದರೆ ಮುಂದಿನ ಜನವರಿಯಿಂದ ಜೂನ್‌ವರೆಗಿನ ರಜೆಗೆ ಹಕ್ಕು. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದ್ದು ಜುಲೈನಿಂದ ಡಿಸೆಂಬರ್‌ಗೆ. ಸಂಬಳವಿಲ್ಲದ ರಜೆ ಜಾಸ್ತಿಯಾದರೆ ಈ 78 ತಪ್ಪಿಹೋಗುತ್ತೆ. ಹಾಗಾಗಿ ಸಂಬಳ ಚೀಟಿಯಲ್ಲಿ ಹಾಜರಿ ದಿನ ಎಣಿಸ್ತಾ ಇರಿ.

ಪ್ರಶ್ನೆ: ಅವಳು ಒಂದೊಂದೇ ದಿನ ರಜೆ ಹಾಕ್ತಾಳಲ್ಲ, ಅದಕ್ಕೂ ಸಿಗುತ್ತಾ?

ಉತ್ತರ: ಹೆಚ್ಚಿನವರು ಎಡವೋದು ಇಲ್ಲೇ. ಪ್ರತಿ ಕಾಯಿಲೆ ರಜೆಯ ಮೊದಲ ಎರಡು ದಿನಕ್ಕೆ ದುಡ್ಡಿಲ್ಲ. ದಿನಗೂಲಿ 500 ಅಂದ್ರೆ ಐದು ದಿನದ ರಜೆಗೆ ಮೂರು ದಿನದ್ದು, 350ರಂತೆ 1,050 ರೂಪಾಯಿ. ಹಣ ಪಡೆದ ರಜೆ ಮುಗಿದು 15 ದಿನದೊಳಗೆ ಮತ್ತೆ ಮಲಗಿದರೆ ಆ ಎರಡು ದಿನ ಕಳೆಯಲ್ಲ, ಮೊದಲ ದಿನದಿಂದಲೇ ಸಿಗುತ್ತೆ. ನೋವು ಬಂದ ದಿನವೇ ಇಎಸ್‌ಐ ಡಾಕ್ಟರ ಹತ್ತಿರ ಹೋಗಿ ಸರ್ಟಿಫಿಕೇಟ್ ತಗೊಳ್ಳಿ. ಗುಣವಾದಾಗ ಕೊನೆಯ ಸರ್ಟಿಫಿಕೇಟೂ ಬೇಕು. ಕ್ಲೇಮ್‌ಗೆ ಫಾರ್ಮ್ 9.

ಉತ್ತರ (ನರರೋಗ ವೈದ್ಯರು): ಡಾಕ್ಟರ ಮುಂದೆ "ಯಾವಾಗಲೂ ತಲೆನೋವು" ಅಂದ್ರೆ ಚೀಟಿಯಲ್ಲಿ ಬರೆಯೋಕೆ ಏನೂ ಸಿಗಲ್ಲ. ಅಡುಗೆಮನೆ ಕ್ಯಾಲೆಂಡರ್‌ನಲ್ಲೇ ಬರೆದಿಡಲಿ: "ಬೆಳಿಗ್ಗೆ 6ಕ್ಕೆ ಎಡಗಣ್ಣಿನ ಹಿಂದೆ ಶುರು, ಎರಡು ಸಲ ವಾಂತಿ, ಮಾತ್ರೆ 1, ಕೆಲಸಕ್ಕೆ ಹೋಗಿಲ್ಲ, ರಾತ್ರಿ 11ಕ್ಕೆ ಇಳೀತು." ಮೂರು ತಿಂಗಳಿಗೂ ಹೆಚ್ಚು ಕಾಲ, ತಿಂಗಳಿಗೆ 15 ದಿನ ಅಥವಾ ಹೆಚ್ಚು ತಲೆನೋವು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನ್ ಲಕ್ಷಣ ಇದ್ದರೆ ಅದು ದೀರ್ಘಕಾಲಿಕ ಮೈಗ್ರೇನ್. ಸರ್ಟಿಫಿಕೇಟ್‌ನಲ್ಲಿ ಬರೀ "ತಲೆನೋವು" ಅನ್ನದೆ ಅದನ್ನೇ ಬರೆಸಿ.

ಮಾತ್ರೆಯನ್ನೂ ಎಣಿಸಲಿ. ಬರೀ ಪ್ಯಾರಾಸಿಟಮಾಲ್ ತಿಂಗಳಿಗೆ 15 ದಿನ, ಒಂದಕ್ಕಿಂತ ಹೆಚ್ಚು ಔಷಧ ಸೇರಿರೋ ನೋವಿನ ಮಾತ್ರೆ ಅಥವಾ ಟ್ರಿಪ್ಟಾನ್ (ಮೈಗ್ರೇನ್‌ಗೆಂದೇ ಇರೋ ಮಾತ್ರೆ) 10 ದಿನ ಮುಟ್ಟಿದರೆ ಆ ಮಾತ್ರೆಯಿಂದಲೇ ತಲೆನೋವು ಬರೋಕೆ ಶುರುವಾಗಬಹುದು. ಮೆಡಿಕಲ್ ಶಾಪಿನಿಂದ ತಂದು ನುಂಗೋದು ನಿಲ್ಲಿಸಿ, ನೋವು ಬರದಂತೆ ತಡೆಯೋ ಮಾತ್ರೆ ಬಗ್ಗೆ ಕೇಳಿ. ಅಮಿಟ್ರಿಪ್ಟಿಲಿನ್, ಪ್ರೊಪ್ರನೊಲಾಲ್ ಅಂಥವು, ಕೆಲಸ ತೋರಿಸೋಕೆ ಎಂಟು ವಾರವಾದರೂ ಬೇಕು. ಆಸ್ತಮಾ ಇದ್ದರೆ, ಮಗು ಬೇಕು ಅಂತಿದ್ದರೆ ಮೊದಲೇ ಹೇಳಲಿ, ಮಾತ್ರೆ ಬದಲಾಗುತ್ತೆ.