ಜಿರ್ಕೋನಿಯಾ ಇಂಪ್ಲಾಂಟನ್ನು ಒರಟು ಮಾಡಿದರೆ ಅದು ದುರ್ಬಲವಾಗುವುದಿಲ್ಲವೇ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಮ್ಮ ತಾಯಿಯವರಿಗೆ ಕೆಳದವಡೆಯಲ್ಲಿ ಕೃತಕ ಹಲ್ಲಿಗಾಗಿ ಜಿರ್ಕೋನಿಯಾ ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ತಿರುಪು) ಹಾಕಿಸಬೇಕೆಂದಿದ್ದೇವೆ. ಅದರ ತಿರುಪಿನ ಭಾಗಕ್ಕೆ ಸ್ಯಾಂಡ್‌ಬ್ಲಾಸ್ಟಿಂಗ್ (ಗಟ್ಟಿ ಕಣಗಳನ್ನು ರಭಸದಿಂದ ಬಡಿಸುವುದು) ಮಾಡಿ, ಆಮ್ಲದಲ್ಲಿ ಅದ್ದಿರುತ್ತಾರೆಂದು ತಿಳಿಯಿತು. ಪಿಂಗಾಣಿ ಜಾತಿಯ ವಸ್ತುವಿಗೆ ಗೀರು ಬಿದ್ದರೆ ಅಲ್ಲಿಂದಲೇ ಒಡೆಯುವುದಿಲ್ಲವೇ?

ಉತ್ತರ: ನಿಮ್ಮ ಆತಂಕಕ್ಕೆ ಆಧಾರವಿದೆ. ಆದರೆ ತೀರಾ ನುಣುಪಾದ ಮೇಲ್ಮೈಯನ್ನು ಮೂಳೆ ಗಟ್ಟಿಯಾಗಿ ಕಚ್ಚಿಕೊಳ್ಳುವುದಿಲ್ಲ. ಸುಮಾರು 1ರಿಂದ 2 ಮೈಕ್ರೋಮೀಟರ್ ಒರಟುತನವಿದ್ದರೆ ರಕ್ತದ ಹೆಪ್ಪು ಆ ತಗ್ಗುಗಳಲ್ಲಿ ನಿಂತು, ಮೂಳೆಯ ಕೋಶಗಳು ಅದರ ಆಸರೆಯಿಂದ ಮೇಲ್ಮೈಯವರೆಗೂ ಬರುತ್ತವೆ.

ಜಿರ್ಕೋನಿಯಾದಲ್ಲಿ ಒಂದು ವಿಶೇಷ ಗುಣವಿದೆ. ಸುಮಾರು 3 ಮೋಲ್ ಶೇಕಡಾ (ಅಣುಗಳ ಲೆಕ್ಕದಲ್ಲಿ 3%) ಯಿಟ್ರಿಯಾ ಎಂಬ ಲೋಹದ ಆಕ್ಸೈಡ್ ಬೆರೆಸಿ ಅದರ ಹರಳುಗಳನ್ನು ಚತುಷ್ಕೋನೀಯ ರೂಪದಲ್ಲಿ ಹಿಡಿದಿಟ್ಟಿರುತ್ತಾರೆ. ಅಲ್ಯೂಮಿನಾ ಕಣಗಳು ರಭಸದಿಂದ ಬಡಿದಾಗ ಮೇಲ್ಪದರದ ಹರಳುಗಳು ರೂಪ ಬದಲಿಸಿ ಗಾತ್ರದಲ್ಲಿ ಸುಮಾರು 4% ಹಿಗ್ಗುತ್ತವೆ. ಆ ಹಿಗ್ಗುವಿಕೆಯಿಂದ ಮೇಲ್ಪದರ ಒತ್ತಡಕ್ಕೊಳಗಾಗಿ ಸಣ್ಣ ಬಿರುಕುಗಳ ಬಾಯಿ ಬಿಗಿಯುತ್ತದೆ. ಹೀಗಾಗಿ ಹದವಾಗಿ ಮಾಡಿದರೆ ಬಲ ಕುಗ್ಗಬೇಕೆಂದಿಲ್ಲ, ಹೆಚ್ಚಲೂಬಹುದು. ಗೀರು ಆ ಪದರವನ್ನೂ ದಾಟಿ ಆಳಕ್ಕಿಳಿದರೆ ಮಾತ್ರ ನೀವು ಹೇಳಿದಂತೆಯೇ ಆಗುತ್ತದೆ. ರೂಪ ಬದಲಿಸಿದ ಹರಳುಗಳು ಹೆಚ್ಚಾಗಿ ಉಳಿದರೆ ದೇಹದ ತೇವಾಂಶದಲ್ಲಿ ವಸ್ತು ಬೇಗ ಹಳತಾಗುವ ಭಯವೂ ಉಂಟು. ಆದ್ದರಿಂದ ಕೆಲವು ತಯಾರಕರು ಕೊನೆಯಲ್ಲಿ ಮತ್ತೊಮ್ಮೆ ಕಾಯಿಸುತ್ತಾರೆ. ಇನ್ನು ಕೆಲವರು ಇಂಪ್ಲಾಂಟ್ ರೂಪಿಸುವ ಅಚ್ಚಿನ ಒಳಮೈಯನ್ನೇ ಒರಟಾಗಿಸಿ, ಬಡಿಯುವ ಕೆಲಸವನ್ನೇ ತಪ್ಪಿಸುತ್ತಾರೆ. ಈ ವಸ್ತುವಿನ ತಯಾರಿಕೆಯಲ್ಲಿ ಸಣ್ಣ ಬದಲಾವಣೆಯನ್ನೂ ಹಗುರವಾಗಿ ಕಾಣಲಾಗದು: ಫ್ರಾನ್ಸಿನಲ್ಲಿ ತಯಾರಾಗುತ್ತಿದ್ದ ಸೊಂಟದ ಕೀಲಿನ ಜಿರ್ಕೋನಿಯಾ ಗುಂಡುಗಳ ಕುಲುಮೆಯ ವಿಧಾನ ಬದಲಾದ ಮೇಲೆ, ಹಲವು ಗುಂಡುಗಳು ರೋಗಿಗಳ ದೇಹದೊಳಗೇ ಒಡೆದು, 2001ರಲ್ಲಿ ಅವನ್ನು ಮಾರುಕಟ್ಟೆಯಿಂದ ಹಿಂಪಡೆಯಬೇಕಾಯಿತು.

ಪ್ರಶ್ನೆ: ಇಂಪ್ಲಾಂಟ್ ಕೂರಿಸಿದ ಮೇಲೆ ಅದರ ತಲೆಯನ್ನು ಬಾಯಿಯಲ್ಲೇ ಉಜ್ಜಿ ಆಕಾರ ಕೊಡುತ್ತಾರಂತೆ. ಅದು ಸರಿಯೇ?

ಉತ್ತರ: ತಯಾರಕರ ಸೂಚನೆಯಲ್ಲಿ ಅನುಮತಿಯಿದ್ದರೆ ಮಾತ್ರ, ಅದೂ ತಿರುಗಿ ಉಜ್ಜುವ ಸಾಧನವಾದ ನುಣ್ಣನೆಯ ವಜ್ರದ ಬರ್‌ನಿಂದ, ಧಾರಾಳ ನೀರು ಹಾಯಿಸುತ್ತಾ, ಒತ್ತದೆ ಮಾಡಬೇಕು. ಬರ್‌ನ ಕೆಳಗೆ ಕಿಡಿ ಕಂಡರೆ ಆ ಜಾಗ ವಿಪರೀತ ಬಿಸಿಯಾಗಿದೆ ಎಂದರ್ಥ. ನನ್ನ ಕೈಕೆಳಗಿನ ಕಿರಿಯರಿಗೆ ಅಲ್ಲೇ ನಿಲ್ಲಿಸುವಂತೆ ಹೇಳುತ್ತೇನೆ. ಮುಂದೆ ಹಲ್ಲು ಶುಚಿಗೊಳಿಸಲು ಹೋದಾಗ ಇಂಪ್ಲಾಂಟ್ ಇರುವುದನ್ನು ತಾಯಿಯವರು ಮೊದಲೇ ತಿಳಿಸಲಿ. ಒಸಡಿಗೆ ತಾಗುವ ಕತ್ತಿನ ಭಾಗ ನುಣುಪಾಗಿದ್ದರೇನೇ ಅಲ್ಲಿ ಪಾಚಿ ಕಡಿಮೆ ಕಟ್ಟುವುದು. ಹಲ್ಲಿನ ಕಿಟ್ಟ ಕೆರೆಯುವ ಸ್ಟೀಲಿನ ಸ್ಕೇಲರ್ ಆಡಿಸಿದರೆ ಬಿಳಿಯ ಜಿರ್ಕೋನಿಯಾದ ಮೇಲೆ ಪೆನ್ಸಿಲ್ಲಿನಿಂದ ಎಳೆದಂತೆ ಬೂದು ಗೆರೆಗಳು ಮೂಡುತ್ತವೆ. ಅದು ಸವೆದ ಸ್ಟೀಲಿನ ಪುಡಿ. ಆದ್ದರಿಂದ ಪ್ಲಾಸ್ಟಿಕ್ ತುದಿಯ ಸ್ಕೇಲರನ್ನೇ ಬಳಸುವಂತೆ ಕೇಳಿಕೊಳ್ಳಿ.