ಸಹಾಯ ಬೇಕು: ಹಿಮ್ಮಡಿ ಮೇಲಿನ ಟೆಂಡನ್ ನೋವು, ಶಿವಮೊಗ್ಗದಲ್ಲಿ ಓಡುವವರು ಹೇಳಿ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು, ವಯಸ್ಸು 40 ದಾಟಿದೆ. ವಾರದ ದಿನ ನೆಹರೂ ಸ್ಟೇಡಿಯಂನಲ್ಲಿ, ಭಾನುವಾರ ತೀರ್ಥಹಳ್ಳಿ ಕಡೆಯ ಏರು ರಸ್ತೆಯಲ್ಲಿ ಓಡುತ್ತೇನೆ. ಈಗ ಬಲಗಾಲಿನ ಅಕಿಲಿಸ್ ಟೆಂಡನ್ (ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಜೋಡಿಸುವ ದಪ್ಪ ನಾರು) ತಕರಾರು ತೆಗೆದಿದೆ. ಬೆಳಿಗ್ಗೆ ಎದ್ದಾಗ ಮೊದಲ ಹೆಜ್ಜೆಗಳು ಬಿಗಿ, ಕಾಫಿ ಮುಗಿಯುವಷ್ಟರಲ್ಲಿ ಸಡಿಲ. ಓಡಿದ ಮರುದಿನ ಮತ್ತೆ ಅದೇ ಕತೆ. ನೋವು ಹಿಮ್ಮಡಿ ಮೂಳೆಗೆ ಅಂಟಿಕೊಂಡಲ್ಲಿ ಅಲ್ಲ, ಎರಡು ಮೂರು ಬೆರಳು ಮೇಲೆ.

ಗೆಳೆಯರೊಬ್ಬರು "ಮುಂಗಾಲು ಊರಿ ಓಡಿ, ಸರಿಹೋಗುತ್ತೆ" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಹಾಗೆ ಓಡಿದರೆ ಮಂಡಿಗೆ ಹೊರೆ ಇಳಿಯಬಹುದು, ಆದರೆ ಅದು ಮೀನಖಂಡಕ್ಕೂ ಟೆಂಡನ್‌ಗೂ ಹೋಗುತ್ತದೆ ಅಲ್ವಾ? ಓಡುವಾಗ ಈ ಟೆಂಡನ್ ಮೇಲೆ ದೇಹದ ತೂಕದ ಸುಮಾರು 6ರಿಂದ 8 ಪಟ್ಟು ಎಳೆತ ಬೀಳುತ್ತದೆ. ನಮ್ಮ ಮಲೆನಾಡಿನ ಏರು ಬೇರೆ!

ಸುಮ್ನೆ ರೆಸ್ಟ್ ಮಾಡಿದರೆ ನೋವು ಇಳಿಯುತ್ತದೆ, ಟೆಂಡನ್ ಗಟ್ಟಿಯಾಗುವುದಿಲ್ಲ. ಅದಕ್ಕೆ 1998ರಲ್ಲಿ ಸ್ವೀಡನ್ನಿನ ಆಲ್ಫ್ರೆಡ್‌ಸನ್ ತಂಡ ಪ್ರಕಟಿಸಿದ ವ್ಯಾಯಾಮ ಶುರು ಮಾಡಬೇಕೆಂದಿದ್ದೇನೆ. ಮೆಟ್ಟಿಲಂಚಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು. ಮಂಡಿ ನೆಟ್ಟಗಿಟ್ಟು 15ರಂತೆ 3 ಸಲ, ಮಡಚಿ 3 ಸಲ, ದಿನಕ್ಕೆರಡು ಹೊತ್ತು, 12 ವಾರ.

ಇದನ್ನು ಪೂರ್ತಿ ಮಾಡಿದವರು ಇದ್ದೀರಾ? ಜೊತೆಗೆ ಓಟ ಮುಂದುವರಿಸಿದಿರಾ, ಎಷ್ಟು ನೋವಿಗೆ ನಿಲ್ಲಿಸಿದಿರಿ? ಓಡುವವರ ಕಾಲು ನೋಡಿ ಅಭ್ಯಾಸವಿರುವ ಫಿಸಿಯೋ ಶಿವಮೊಗ್ಗ, ಭದ್ರಾವತಿ ಕಡೆ ಇದ್ದರೆ ತಿಳಿಸಿ. ಏರಿಲ್ಲದ, ಮಳೆಗಾಲದಲ್ಲಿ ಜಾರದ ರಸ್ತೆ ಗೊತ್ತಿದ್ದರೆ ಅದೂ ಹೇಳಿ. ಎಣ್ಣೆ ತಿಕ್ಕುವ ಸಲಹೆ ಮಾತ್ರ ಬೇಡ, ಮನೆಯಲ್ಲೇ ಬೇಕಾದಷ್ಟು ಸಿಕ್ಕಿದೆ.