ಅಪ್‌ಡೇಟ್: ಮೆಲ್ಬರ್ನ್ ಹಿತ್ತಲಿನ ಪಾಸಮ್ ಕಾಟ

ನಿಂಬೆಹಣ್ಣಿನ ಸಿಪ್ಪೆಯನ್ನಷ್ಟೇ ಕೆರೆದು ತಿಂದು, ಬೆತ್ತಲೆ ಹಣ್ಣನ್ನು ಗಿಡದಲ್ಲೇ ನೇತಾಡಲು ಬಿಡುವ, ರಾತ್ರಿ ಮರ ಹತ್ತಿ ಓಡಾಡುವ ಇಲ್ಲಿನ ಕಾಡುಪ್ರಾಣಿಗಳಾದ ಪಾಸಮ್‌ಗಳಿಗೆ ಏನು ಮಾಡಲಿ ಎಂದು ಕೇಳಿದ್ದೆ. ಬೋನಿಟ್ಟು ದೂರ ಬಿಟ್ಟು ಬನ್ನಿ ಎಂದವರಿಗೆ: ಇಲ್ಲಿ ಅದು ಸಂರಕ್ಷಿತ ಪ್ರಾಣಿ, ಹಾಗೆ ಸಾಗಿಸುವಂತಿಲ್ಲ. ಬೆಳ್ಳುಳ್ಳಿ, ಮೆಣಸಿನಕಾಯಿ ಅರೆದು ಸಿಂಪಡಿಸಿದ ನೀರು ಒಂದೇ ಮಳೆಗೆ ತೊಳೆದುಹೋಯಿತು; ಸೀನು ಬಂದದ್ದು ಮನೆಯವರಿಗೆ ಮಾತ್ರ.

ಕೈಹಿಡಿದದ್ದು ಬಲೆ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ 2021ರ ಸೆಪ್ಟೆಂಬರ್‌ನಿಂದ ಮನೆಯ ಹಣ್ಣಿನ ಗಿಡಗಳಿಗೆ ಹಾಕುವ ಬಲೆಯ ಕಣ್ಣು, ಪೂರ್ತಿ ಎಳೆದು ಹಿಡಿದಾಗಲೂ, 5 ಮಿಲಿಮೀಟರ್ ಮೀರುವಂತಿಲ್ಲ. ಬಾವಲಿ, ಹಕ್ಕಿಗಳು ಸಿಕ್ಕಿಕೊಳ್ಳಬಾರದಲ್ಲ. ಬೆರಳು ತೂರಿದರೆ ಆ ಬಲೆ ಬೇಡ. ಜೊತೆಗೆ ಬೇಲಿಯತ್ತ ಚಾಚಿದ್ದ ಕೊಂಬೆಗಳನ್ನು ಸವರಿ, ಕಾಂಡಕ್ಕೆ ಅಗಲವಾದ ನುಣುಪು ತಗಡು ಸುತ್ತಿದೆವು. ನಿಂಬೆ ಉಳಿದಿದೆ. ಈಗ ಅವುಗಳ ಕಣ್ಣು ಪಕ್ಕದ ಮನೆಯ ಗುಲಾಬಿ ಮೊಗ್ಗುಗಳ ಮೇಲೆ. ಅವರು ಇನ್ನೂ ನನ್ನನ್ನು ಏನೂ ಕೇಳಿಲ್ಲ.